ಜಂಪರ್ ಹಾಕದಿರುವ ವಿಧಾನ

ಅಭಿನಂದನೆಗಳು. ಕೈಪಿಡಿಗಳೆಲ್ಲ ಹೀಗೇ ಶುರುವಾಗುವ ಕಾರಣ ಇದೂ ಹೀಗೇ ಶುರುವಾಗಿದೆ. ಅಭಿನಂದಿಸುವಂಥ ಕೆಲಸವನ್ನು ನೀವಿನ್ನೂ ಏನೂ ಮಾಡಿಲ್ಲ. ಅಟ್ಟದಲ್ಲಿದ್ದ ಹಳೇ ಲ್ಯಾಪ್‌ಟಾಪನ್ನು ಕೆಳಗಿಳಿಸಿ ಧೂಳು ಒರೆಸಿದ್ದೀರಿ. ಅದರೊಳಗಿನ 40 ಜಿಬಿ ಹಾರ್ಡ್‌ಡಿಸ್ಕ್ ಆಗಾಗ ‘ಟಕ್ ಟಕ್’ ಎನ್ನುವುದನ್ನು ಕೇಳಿ ಗಾಬರಿಯಾಗಿ, ಬೆಂಗಳೂರಿನ ಎಸ್.ಪಿ. ರೋಡಿನ ಯಾವುದೋ ಇಕ್ಕಟ್ಟು ಮೆಟ್ಟಿಲು ಹತ್ತಿ, ಚೌಕಾಸಿ ಮಾಡಿ, ಯಾರೋ ಬಳಸಿ ಬಿಟ್ಟ 80 ಜಿಬಿಯದೊಂದನ್ನು ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು ತಂದಿದ್ದೀರಿ. ಹೊರಡುವಾಗ ಅಂಗಡಿಯವನು, “ಜಂಪರ್ ನೋಡ್ಕೊಂಡ್ ಹಾಕಿ ಸಾರ್” ಎಂದ. ಏನು ನೋಡಿಕೊಳ್ಳಬೇಕೆಂದು ನೀವು ಕೇಳಲಿಲ್ಲ. ಎಲ್ಲ ಗೊತ್ತಿರುವವರ ಹಾಗೆ ತಲೆಯಾಡಿಸಿ ಬಂದಿರಿ. ಈ ಕೈಪಿಡಿ ಆ ತಲೆಯಾಟದ ಫಲ.

ಇದರ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಒಂದೇ ಹಾರ್ಡ್‌ಡಿಸ್ಕ್ ಇದ್ದರೆ ಅದಕ್ಕೆ ಜಂಪರ್ ಬೇಡ. ಹಾಕಿದ್ದರೆ ತೆಗೆಯಿರಿ. ಹಾಕಿರದಿದ್ದರೆ ಸುಮ್ಮನಿರಿ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾಲ್ಕು ಪಿನ್ನು ಕಣ್ಣಿಗೆ ಬಿದ್ದ ಮೇಲೂ ಸುಮ್ಮನಿದ್ದ ಗಂಡಸನ್ನು ನಾನು ಕಂಡಿಲ್ಲ. ಹೆಂಗಸರು ಸುಮ್ಮನಿರುತ್ತಾರೆ, ಅದಕ್ಕೇ ಅವರ ಲ್ಯಾಪ್‌ಟಾಪುಗಳು ಹೆಚ್ಚು ದಿನ ಬಾಳುತ್ತವೆ. ಮುಂದಿನ ಪುಟಗಳು ಸುಮ್ಮನಿರಲಾರದವರಿಗಾಗಿ.

ಇದು ಯಾರಿಗೆ ಅನ್ವಯಿಸುತ್ತದೆ

ನೀವು ತಂದ ಡ್ರೈವಿನ ತುದಿ ನೋಡಿ. ಚೂಪು ಪಿನ್ನುಗಳು ಎರಡು ಸಾಲಾಗಿ ನಿಂತಿದ್ದರೆ ಅದು ಐಡಿಇ, ಅಂಗಡಿಯವರ ಬಾಯಲ್ಲಿ ಪಾಟಾ. ಕೈಪಿಡಿ ನಿಮ್ಮದೇ. ಪಿನ್ನುಗಳ ಬದಲು ಚಪ್ಪಟೆಯಾದ ಎರಡು ಪ್ಲಾಸ್ಟಿಕ್ ನಾಲಗೆಗಳಿದ್ದರೆ ಅದು ಸಾಟಾ. ಒಂದರಲ್ಲಿ ಮಾಹಿತಿಗೆ 7 ಸಂಪರ್ಕ, ಇನ್ನೊಂದರಲ್ಲಿ ಕರೆಂಟಿಗೆ 15. ಸಾಟಾದಲ್ಲಿ ಒಂದು ಕೇಬಲ್ಲಿಗೆ ಒಂದೇ ಡ್ರೈವು, ಹಾಗಾಗಿ ಯಾರು ಮೊದಲು ಯಾರು ಎರಡನೆಯವರು ಎಂಬ ತಕರಾರೇ ಹುಟ್ಟುವುದಿಲ್ಲ. ಅಂಥವರು ಕೈಪಿಡಿ ಮಡಚಿಟ್ಟು ಕಾಫಿ ಕುಡಿಯಬಹುದು. ಆದರೆ ಸಾಟಾ ಡ್ರೈವು ತಂದು ಐಡಿಇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರೆ ಕಾಫಿಯೂ ನೆರವಿಗೆ ಬರದು. ಮತ್ತೆ ಮೆಟ್ಟಿಲು ಹತ್ತಿ, ಬದಲಾಯಿಸಿಕೊಂಡು ಬನ್ನಿ.

ಈ ಕಾಲದಲ್ಲಿ ಐಡಿಇ ಲ್ಯಾಪ್‌ಟಾಪ್ ಯಾರು ಇಟ್ಟುಕೊಂಡಿದ್ದಾರೆ ಎಂದು ನಗುವವರು ನಮ್ಮೂರ ಕಡೆಯ ಸಣ್ಣ ಪ್ರೆಸ್ಸುಗಳನ್ನು ನೋಡಿಲ್ಲ. ಪೇಜ್‌ಮೇಕರಿನಲ್ಲಿ ಕಟ್ಟಿದ ಲಗ್ನಪತ್ರಿಕೆ, ಶ್ರೀಲಿಪಿಯಲ್ಲೋ ನುಡಿಯಲ್ಲೋ ಬೆರಳಚ್ಚಿಸಿದ ಅಭಿನಂದನಾ ಗ್ರಂಥ, ಸಹಕಾರಿ ಸಂಘದ ವಾರ್ಷಿಕ ವರದಿ, ಇವನ್ನೆಲ್ಲ ಯೂನಿಕೋಡಿಗೆ ತಂದರೆ ಒತ್ತಕ್ಷರ ಎಲ್ಲೋ ದೀರ್ಘ ಎಲ್ಲೋ ಆಗುತ್ತದೆಂಬ ಭಯಕ್ಕೆ ಎಕ್ಸ್‌ಪಿ ಓಡುವ ಆ ಒಂದು ಯಂತ್ರವನ್ನು ಅವರು ಜತನದಿಂದ ಕಾಪಾಡಿಕೊಂಡಿದ್ದಾರೆ. ಅದರ ಡಿಸ್ಕು ಸತ್ತರೆ ಊರಿನ ಅರ್ಧ ಚರಿತ್ರೆ ಹೋದಂತೆ. ನಗುವುದನ್ನು ನಿಲ್ಲಿಸಿ ಮುಂದೆ ಓದಿ.

ಬೇಕಾಗುವ ಸಾಮಗ್ರಿ

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಚೂಪು ತುದಿಯ ಚಿಮಟ, ಸ್ಕ್ರೂ ಹಾಕಿಡಲು ಸ್ಟೀಲ್ ತಟ್ಟೆ, ಕೆಳಗೆ ಹಾಸಲು ಒಗೆದ ಬಿಳಿ ಪಂಚೆ. ಟರ್ಕಿ ಟವೆಲ್ ಬೇಡವೇ ಬೇಡ. ಅದರ ಕುಣಿಕೆಗಳೊಳಗೆ ಹೋದದ್ದು ಮತ್ತೆ ಕಾಣಿಸುವುದು ವಾಷಿಂಗ್ ಮೆಷಿನ್ನಿನಲ್ಲಿ. ಟಾರ್ಚ್ ಹಿಡಿಯಲು ಒಬ್ಬ ಸಹಾಯಕ ಬೇಕು. ಹದಿಮೂರು ಹದಿನಾಲ್ಕು ವರ್ಷದ ಮಗನೋ ಮಗಳೋ ಆದರೆ ಸರಿ. ಅದಕ್ಕಿಂತ ದೊಡ್ಡವರಾದರೆ ಟಾರ್ಚ್ ನಿಮ್ಮ ಕೈಗೆ ಕೊಟ್ಟು ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಾರೆ.

ಎಚ್ಚರಿಕೆ: ಚಾರ್ಜರ್ ಕಿತ್ತರೆ ಸಾಲದು, ಬ್ಯಾಟರಿಯನ್ನೂ ಹೊರಗೆ ತೆಗೆಯಬೇಕು. ಪಿನ್ನು ಮುಟ್ಟುವ ಮೊದಲು ಡ್ರೈವಿನ ಲೋಹದ ಮೈಯನ್ನೊಮ್ಮೆ ಮುಟ್ಟಿ. ಕೈಪಿಡಿಗಳಲ್ಲಿ ಇಂಥ ಎಚ್ಚರಿಕೆಯ ಪಕ್ಕ ತ್ರಿಕೋನದೊಳಗೊಂದು ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ದಯವಿಟ್ಟು ಅದನ್ನು ಕಲ್ಪಿಸಿಕೊಳ್ಳಿ.

ನಾಲ್ಕು ಪಿನ್ನುಗಳ ವಿಚಾರ

ಹಳೇ ಡ್ರೈವನ್ನು ಹೊರತೆಗೆದು ಪಂಚೆಯ ಮೇಲಿಟ್ಟು ಪಿನ್ನುಗಳನ್ನು ನೋಡಿ. ಸಾಲಿಗೆ 22ರಂತೆ ಎರಡು ಸಾಲು, ಒಟ್ಟು 44 ಎಂದು ಎಲ್ಲ ಕಡೆ ಬರೆದಿರುತ್ತದೆ. ನೀವು ಎಣಿಸಿದರೆ 43 ಬರುತ್ತದೆ. ಮತ್ತೆ ಎಣಿಸಬೇಡಿ. 20ನೆಯ ಪಿನ್ನನ್ನು ತಯಾರಕರೇ ಇಟ್ಟಿಲ್ಲ. ಕನೆಕ್ಟರಿನಲ್ಲಿ ಆ ಜಾಗದ ರಂಧ್ರ ಮುಚ್ಚಿದ್ದರೆ ತಲೆಕೆಳಗಾಗಿ ತುರುಕಲು ಆಗುವುದಿಲ್ಲ ಎಂಬುದು ಅದರ ಹಿಂದಿನ ಉಪಾಯ. ಡೆಸ್ಕ್‌ಟಾಪಿನ ಐಡಿಇಗೆ 40 ಪಿನ್ನು, ಕರೆಂಟಿಗೆ ಬೇರೆಯೇ ವೈರು. ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗವಿಲ್ಲದ ಕಾರಣ ಕೊನೆಯ ನಾಲ್ಕನ್ನು ಸೇರಿಸಿ ಕರೆಂಟನ್ನೂ ಅದರಲ್ಲೇ ಕಳಿಸುತ್ತಾರೆ: 41 ಮತ್ತು 42ರಲ್ಲಿ 5 ವೋಲ್ಟ್, 43 ಗ್ರೌಂಡ್. ಡೆಸ್ಕ್‌ಟಾಪ್ ಡ್ರೈವಿಗೆ ಬೇಕಾದ 12 ವೋಲ್ಟ್ ಇಲ್ಲಿ ಬೇಕಿಲ್ಲ.

ಈ ಸಾಲು ಮುಗಿದ ಮೇಲೆ ಸ್ವಲ್ಪ ಖಾಲಿ ಜಾಗ. ಅದರಾಚೆ, ಜಗಳವಾಡಿ ಬೇರೆ ಮನೆ ಮಾಡಿಕೊಂಡವರ ಹಾಗೆ, ನಾಲ್ಕೇ ನಾಲ್ಕು ಪಿನ್ನುಗಳು. ಇವುಗಳ ಹೆಸರು ಎ, ಬಿ, ಸಿ, ಡಿ. ಜಂಪರಿನ ಜಾಗ ಇದೇ. ಎರಡು ಪಿನ್ನುಗಳ ತಲೆಗೆ ಒಟ್ಟಿಗೆ ತೊಡಿಸುವ ಪ್ಲಾಸ್ಟಿಕ್ ಟೋಪಿ ಜಂಪರ್. ಒಳಗೊಂದು ಲೋಹದ ತುಣುಕು ಎರಡನ್ನೂ ಕೂಡಿಸುತ್ತದೆ. ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಸ್ವಿಚ್ಚಿಗೆ ಖರ್ಚು ಮಾಡಲು ಮನಸ್ಸಿಲ್ಲದ ಎಂಜಿನಿಯರು ಕಂಡುಕೊಂಡ ಸ್ವಿಚ್ಚು ಅದು.

ಸಾಮಾನ್ಯವಾಗಿ ಎ-ಬಿ ಕೂಡಿಸಿದರೆ ಡ್ರೈವು ಸ್ಲೇವ್, ಅಂದರೆ ಕೇಬಲ್ಲಿನಲ್ಲಿ ಎರಡನೆಯದು, ಆಗುತ್ತದೆ. ಬಿ-ಡಿ ಕೂಡಿಸಿದರೆ ಕೇಬಲ್ ಸೆಲೆಕ್ಟ್, ಅಂದರೆ ತೀರ್ಮಾನ ಕೇಬಲ್ಲಿಗೆ ಬಿಟ್ಟದ್ದು. ಏನೂ ಕೂಡಿಸದಿದ್ದರೆ ಮಾಸ್ಟರ್, ಅಂದರೆ ಮೊದಲನೆಯದು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿರಬಹುದು, ಆದ್ದರಿಂದ ಡ್ರೈವಿನ ಮೇಲಿನ ಲೇಬಲ್ ಓದಿ ಎನ್ನುತ್ತಾರೆ. ಓದಿ ನೋಡಿ. ಲೇಬಲ್ ಇರುವುದು ಡ್ರೈವಿನ ಬೆನ್ನಿನ ಮೇಲೆ, ಪಿನ್ನು ಇರುವುದು ತುದಿಯಲ್ಲಿ. ಪಿನ್ನು ಕಾಣುವಂತೆ ಡ್ರೈವನ್ನು ಎತ್ತಿದ ಕೂಡಲೇ ಲೇಬಲ್ ಕಾಣುವುದಿಲ್ಲ. ಲೇಬಲ್ ಕಾಣುವಂತೆ ಮಲಗಿಸಿದರೆ ಪಿನ್ನು ಮರೆ. ಇನ್ನು ಲೇಬಲ್ಲಿನ ಚಿತ್ರವನ್ನು ಬರೆದವನು ಡ್ರೈವನ್ನು ಮೇಲ್ಮುಖವಾಗಿ ಇಟ್ಟುಕೊಂಡು ಬರೆದನೋ, ಸರ್ಕ್ಯೂಟ್ ಬೋರ್ಡ್ ಮೇಲೆ ಬರುವಂತೆ ತಿರುಗಿಸಿ ಬರೆದನೋ ಎಂಬುದನ್ನು ಆತ ಯಾರಿಗೂ ಹೇಳಿ ಹೋಗಿಲ್ಲ. ತಿರುಗಿಸಿದಾಗ ‘ಎ’ ಇದ್ದ ಮೂಲೆಗೆ ಬೇರೊಂದು ಅಕ್ಷರ ಬಂದು ಕೂರುತ್ತದೆ. ಟಾರ್ಚ್ ಹಿಡಿದ ಸಹಾಯಕ ಈ ಹಂತದಲ್ಲಿ, “ಅಪ್ಪ, ಫೋನಲ್ಲಿ ಫೋಟೊ ತಗೊಂಡ್ರೆ ಎರಡೂ ಕಾಣುತ್ತಲ್ಲಾ” ಎನ್ನುತ್ತಾನೆ. ಅವನ ಮಾತು ಸರಿ. ಕೂಡಲೇ ಒಪ್ಪಬೇಡಿ, ಸ್ವಲ್ಪ ಹೊತ್ತು ಬಿಟ್ಟು ನಿಮಗೇ ಹೊಳೆದಂತೆ ಫೋಟೊ ತೆಗೆಯಿರಿ.

ಲೇಬಲ್ಲಿಗಿಂತ ನಂಬಬಹುದಾದ ಗುರು ಒಬ್ಬನಿದ್ದಾನೆ: ಲ್ಯಾಪ್‌ಟಾಪಿನಿಂದ ಈಗಷ್ಟೇ ಹೊರಬಂದ ಹಳೇ ಡ್ರೈವು. ಅದರಲ್ಲಿ ಜಂಪರ್ ಇರಲಿಲ್ಲವೇ, ಹೊಸದಕ್ಕೂ ಬೇಡ. ಕೆಲವೇ ಕೆಲವು ಮಾದರಿಗಳು ಕೇಬಲ್ ಸೆಲೆಕ್ಟ್ ಕೇಳುತ್ತವೆ. ಅಂಥದ್ದಾದರೆ ಹಳೆಯದರಲ್ಲೇ ಜಂಪರ್ ಸಿಗುತ್ತದೆ. ಇಷ್ಟು ಸುಲಭದ ಪರೀಕ್ಷೆ ಇದ್ದರೂ ಜನ ಮಾಡುವುದಿಲ್ಲ, ಏಕೆಂದರೆ ಹಳೇ ಡ್ರೈವನ್ನು ತೆಗೆದ ತಕ್ಷಣ ಮಗುವಿನ ಕೈಗೆ ಆಡಲು ಕೊಟ್ಟಿರುತ್ತಾರೆ.

ಡೆಸ್ಕ್‌ಟಾಪ್ ಬಲ್ಲವರಿಗೆ ವಿಶೇಷ ಎಚ್ಚರಿಕೆ

ಏನೂ ತಿಳಿಯದವರು ಈ ಕೆಲಸವನ್ನು ಸರಿಯಾಗಿಯೇ ಮುಗಿಸುತ್ತಾರೆ. ಕೆಡಿಸುವವರು ತಿಳಿದವರು. 1990ರ ದಶಕದ ಕೊನೆಯಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪನ್ನು ಭಾನುವಾರಕ್ಕೊಮ್ಮೆ ಬಿಚ್ಚಿ ಕಟ್ಟಿದ ಪೀಳಿಗೆಯೊಂದು ನಮ್ಮಲ್ಲಿದೆ. ಮಾಸ್ಟರ್, ಸ್ಲೇವ್, ಪ್ರೈಮರಿ, ಸೆಕೆಂಡರಿ ಎಂದರೆ ಅವರ ಕಣ್ಣು ಹೊಳೆಯುತ್ತದೆ. ಅಂದಿನ ಡೆಸ್ಕ್‌ಟಾಪಿನಲ್ಲಿ ಅದು ನಿಜವಾದ ವಿದ್ಯೆಯೇ ಆಗಿತ್ತು. ಒಂದು ಕೇಬಲ್ಲಿಗೆ ಎರಡು ಡ್ರೈವು. ಎರಡೂ ತಾನೇ ಮಾಸ್ಟರ್ ಎಂದರೆ ಕೆಲಸ ಕೆಟ್ಟಿತು, ಎರಡೂ ಸ್ಲೇವ್ ಎಂದರೂ ಕೆಟ್ಟಿತು.

ಹಾಗಂತ ಮಾಸ್ಟರಿಗೆ ಸ್ಲೇವ್ ಮೇಲೆ ಅಧಿಕಾರವೇನೂ ಇಲ್ಲ. ಕಂಪ್ಯೂಟರ್ ಕಳಿಸಿದ ಆಜ್ಞೆ ಎರಡಕ್ಕೂ ಕೇಳಿಸುತ್ತದೆ. ಅದರಲ್ಲಿರುವ ಒಂದೇ ಒಂದು ಬಿಟ್ ನೋಡಿಕೊಂಡು, ತನಗಲ್ಲದ್ದಾದರೆ ಡ್ರೈವು ಸುಮ್ಮನಿರುತ್ತದೆ. ಮಾಸ್ಟರಿಗೆ ಇರುವ ದೊಡ್ಡ ಹೊಣೆಯೆಂದರೆ ಕಾಯುವುದು. ಯಂತ್ರ ಆನ್ ಆದಾಗ, ಜೊತೆಗಾರ ಇದ್ದಾನೆಂದು ಗೊತ್ತಾದರೆ ಅವನು ‘ನಾನು ಸರಿಯಾಗಿದ್ದೇನೆ’ ಎಂದು ಸೂಚಿಸುವವರೆಗೆ ಅದು 31 ಸೆಕೆಂಡುಗಳವರೆಗೂ ಕಾಯಬೇಕೆಂದು ನಿಯಮವಿದೆ. ಕೆಲವು ಡೆಸ್ಕ್‌ಟಾಪ್ ಡ್ರೈವುಗಳಲ್ಲಿ, ಮುಖ್ಯವಾಗಿ ವೆಸ್ಟರ್ನ್ ಡಿಜಿಟಲ್‌ನವುಗಳಲ್ಲಿ, ‘ಒಬ್ಬನೇ ಇರುವ ಮಾಸ್ಟರ್’ ಮತ್ತು ‘ಸ್ಲೇವ್ ಜೊತೆಗಿರುವ ಮಾಸ್ಟರ್’ ಎಂದು ಎರಡು ಬೇರೆ ಬೇರೆ ಜಂಪರ್ ಜಾಗಗಳೇ ಇದ್ದವು. ಒಂಟಿ ಡ್ರೈವಿಗೆ ಎರಡನೆಯದನ್ನು ಹಾಕಿದರೆ ಬಾರದ ಜೊತೆಗಾರನಿಗಾಗಿ ಅದು ಕಾಯುತ್ತ ಕೂರುತ್ತಿತ್ತು, ಅದರ ಮುಂದೆ ನೀವು.

ಕೇಬಲ್ ಸೆಲೆಕ್ಟ್ ಈ ರಗಳೆ ತಪ್ಪಿಸಲೆಂದೇ ಬಂದದ್ದು. 28ನೆಯ ಪಿನ್ನು ಗ್ರೌಂಡಿಗೆ ಸೇರಿದ್ದರೆ ಡ್ರೈವು ಮಾಸ್ಟರ್, ಸೇರಿರದಿದ್ದರೆ ಸ್ಲೇವ್, ತೀರ್ಮಾನ ಕೇಬಲ್ಲಿನದು. 80 ತಂತಿಗಳ ಕೇಬಲ್ಲಿನಲ್ಲಿ ಬಣ್ಣ ನೋಡಿಯೇ ಹೇಳಬಹುದಿತ್ತು: ನೀಲಿ ಮದರ್‌ಬೋರ್ಡಿಗೆ, ಕಪ್ಪು ಮಾಸ್ಟರಿಗೆ, ನಡುವಿನ ಬೂದು ಬಣ್ಣದ್ದು ಸ್ಲೇವಿಗೆ. ಇನ್ನೊಂದು ಮೋಜಿನ ಜಂಪರೂ ಇತ್ತು. ಹಳೇ ಬಯೋಸ್ ಕೆಲವು 32 ಜಿಬಿಗಿಂತ ದೊಡ್ಡ ಡ್ರೈವು ಕಂಡರೆ ಅಲ್ಲೇ ನಿಂತುಬಿಡುತ್ತಿದ್ದವು. ಅವಕ್ಕಾಗಿ ಒಂದು ಜಾಗದಲ್ಲಿ ಜಂಪರ್ ತೊಡಿಸಿದರೆ 80 ಜಿಬಿ ಡ್ರೈವು ತನ್ನ ಆಸ್ತಿ 32 ಎಂದೇ ಘೋಷಿಸುತ್ತಿತ್ತು.

ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಸಂತೋಷ. ಈಗ ಇದನ್ನೆಲ್ಲ ಒಂದು ಗಂಟೆಯ ಮಟ್ಟಿಗೆ ಮರೆಯಬೇಕು. ನಿಮ್ಮ ಮುಂದಿರುವ ಲ್ಯಾಪ್‌ಟಾಪಿನಲ್ಲಿ ಹಾರ್ಡ್‌ಡಿಸ್ಕ್ ಒಂಟಿ. ಸಾಮಾನ್ಯವಾಗಿ ಅದಕ್ಕೆ ಜೊತೆಗಾರನಿಲ್ಲ, ಎರಡನೇ ಕನೆಕ್ಟರ್ ಇಲ್ಲ, ಬಣ್ಣದ ಕೇಬಲ್ ಇಲ್ಲ. ಕೇಬಲ್ ಸೆಲೆಕ್ಟ್ ಸುರಕ್ಷಿತ ಎಂದುಕೊಂಡು ಜಂಪರ್ ಹಾಕಿದಿರಿ ಎನ್ನಿ. ಆ ಲ್ಯಾಪ್‌ಟಾಪಿನಲ್ಲಿ 28ನೆಯ ಪಿನ್ನು ಗ್ರೌಂಡಿಗೆ ಸೇರಿರದಿದ್ದರೆ ನಿಮ್ಮ ಒಂಟಿ ಡ್ರೈವು ತಾನು ಸ್ಲೇವ್ ಎಂದು ನಂಬಿ ಕೂರುತ್ತದೆ, ಪರದೆಯ ಮೇಲೆ ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ ಎಂದು ಬರುತ್ತದೆ. ಹಾಕದಿದ್ದರೆ ಮಾಸ್ಟರ್ ಆಗಿಯೇ ಇರುತ್ತಿತ್ತು. ಏನೂ ಮಾಡದೆಯೇ ಸರಿಯಾಗಿರುವಂತೆ ಇದನ್ನು ರೂಪಿಸಿದವರು ಬುದ್ಧಿವಂತರು. ಆ ಬುದ್ಧಿವಂತಿಕೆಯನ್ನು ಹಾಗೇ ಇರಗೊಡುವುದು ಮಾತ್ರ ನಮ್ಮ ಪಾಲಿನ ಕೆಲಸ, ಅದೇ ನಮ್ಮಿಂದಾಗುವುದಿಲ್ಲ.

ಜಂಪರ್ ತೆಗೆಯುವ ಹಂತ

ನೀವು ತಂದ 80 ಜಿಬಿ ಡ್ರೈವು ಹಿಂದಿನ ಜನ್ಮದಲ್ಲಿ ಯಾವುದೋ ಯಂತ್ರದಲ್ಲಿ ಸ್ಲೇವ್ ಆಗಿದ್ದಿರಬಹುದು. ಆಗ ಅದರ ಮೇಲೊಂದು ಜಂಪರ್ ಇರುತ್ತದೆ. ಡೆಸ್ಕ್‌ಟಾಪಿನ ಜಂಪರ್ ಎಂದುಕೊಂಡು ಉಗುರಿನಲ್ಲಿ ಎಳೆಯಲು ಹೋಗಬೇಡಿ. ಅಲ್ಲಿ ಪಿನ್ನಿನಿಂದ ಪಿನ್ನಿಗೆ 2.54 ಮಿ.ಮೀ. ಅಂತರ, ಇಲ್ಲಿ 2 ಮಿ.ಮೀ. ಮಾತ್ರ. ಎರಡಕ್ಕೂ ಬೇರೆ ಬೇರೆ ಜಂಪರು, ಅದನ್ನು ಇದಕ್ಕೆ ಹಾಕಿದರೆ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಪಿನ್ನು ಬಾಗುತ್ತದೆ. ಚಿಮಟದಿಂದ ಹಿಡಿದು ನೇರವಾಗಿ ಎಳೆಯಿರಿ. ಅಲುಗಾಡಿಸಬೇಡಿ.

ಅದು ಬರುತ್ತದೆ. ಬರುವಾಗ ಸುಮ್ಮನೆ ಬರುವುದಿಲ್ಲ, ಹಾರುತ್ತದೆ. ಚಿಮಟದ ಒತ್ತಡಕ್ಕೆ ಚಿಮ್ಮಿ, ಪಂಚೆಯನ್ನು ದಾಟಿ, ಮೊಸಾಯಿಕ್ ನೆಲದ ಮೇಲೆ ಒಂದು ಸಲ ‘ಟಿಕ್’ ಎಂದು ಸದ್ದು ಮಾಡಿ, ಎಲ್ಲಿಗೋ ಹೋಗುತ್ತದೆ. ಮೊಸಾಯಿಕ್ಕಿನಲ್ಲಿ ಕಪ್ಪು ಚುಕ್ಕೆಗಳಿವೆ, ಜಂಪರೂ ಕಪ್ಪು. ಸಹಾಯಕ, “ಇಲ್ಲೇ ಸೋಫಾ ಕೆಳಗೆ ಹೋಯ್ತು” ಎನ್ನುತ್ತಾನೆ. ಅಡುಗೆಮನೆಯಿಂದ, “ಏನ್ರೀ ಅದು, ಏನಾದ್ರೂ ಒಡೀತಾ?” ಎಂಬ ಪ್ರಶ್ನೆ ಬರುತ್ತದೆ. ಒಡೆದಿಲ್ಲ ಎಂದು ಹೇಳಿ.

ಇಲ್ಲೊಂದು ಮುಖ್ಯ ಮಾತು. ಹುಡುಕಬೇಡಿ. ಆ ಜಂಪರ್ ನಿಮಗೆ ಬೇಕಿಲ್ಲ. ಅದನ್ನು ತೆಗೆದುಹಾಕುವುದೇ ಈ ಹಂತದ ಉದ್ದೇಶವಾಗಿತ್ತು, ಅದು ತಾನೇ ಹೋಗಿದೆ. ಆದರೂ ನೀವು ಹುಡುಕುತ್ತೀರಿ. ಸೋಫಾ ಸರಿಸುತ್ತೀರಿ, ಪೊರಕೆ ತರಿಸುತ್ತೀರಿ, ಅಲ್ಲಿ ಹಳೇ ರೂಪಾಯಿಯೊಂದು, ಕಳೆದ ವರ್ಷ ಕಳೆದಿದ್ದ ಪೆನ್ನಿನ ಮುಚ್ಚಳವೊಂದು ಸಿಗುತ್ತದೆ. ಜಂಪರ್ ಸಿಕ್ಕರೆ ಸಣ್ಣ ಡಬ್ಬಿಯಲ್ಲಿ ಹಾಕಿಡಿ. ಹಾಗೆ ಹಾಕಿಟ್ಟ ಜಂಪರನ್ನು ಯಾರಾದರೂ ಮತ್ತೆ ಬಳಸಿದ್ದನ್ನು ನಾನು ಕೇಳಿಲ್ಲ.

ಕೂರಿಸುವುದು

ಹೊಸ ಡ್ರೈವಿನ ದಪ್ಪ ನೋಡಿಕೊಳ್ಳಿ. 9.5 ಮಿ.ಮೀ. ಬಹುತೇಕ ಎಲ್ಲ ಕಡೆ ಹಿಡಿಸುತ್ತದೆ, 12.5 ಮಿ.ಮೀ.ನದು ತೆಳು ಲ್ಯಾಪ್‌ಟಾಪಿನೊಳಗೆ ಹೋಗುವುದಿಲ್ಲ, ಸುತ್ತಿಗೆ ಪ್ರಶ್ನೆಯೇ ಇಲ್ಲ.

ಹಳೇ ಡ್ರೈವಿನ ಪಿನ್ನುಗಳ ಮೇಲೆ ಚಪ್ಪಟೆ ಅಡಾಪ್ಟರ್ ಒಂದು ಕೂತಿದೆಯೇ ಎಂದು ನೋಡಿ. ಹಲವು ಮಾದರಿಗಳಲ್ಲಿ ಅದು ಡ್ರೈವಿನದೇ ಭಾಗದಂತೆ ಕಾಣುತ್ತದೆ, ಆದರೆ ಅಲ್ಲ. ಅದನ್ನು ನಿಧಾನಕ್ಕೆ ಬಿಡಿಸಿ ಹೊಸದಕ್ಕೆ ಹಾಕಬೇಕು. ಹಳೇ ಡ್ರೈವಿನ ಜೊತೆ ಅದನ್ನೂ ಗುಜರಿಗೆ ಕೊಟ್ಟವರು ಬಹಳ ಮಂದಿ, ಎಸ್.ಪಿ. ರೋಡಿನಲ್ಲಿ ಡ್ರೈವು ಸಿಗುತ್ತದೆ, ನಿಮ್ಮ ಮಾದರಿಗೆ ಸರಿಹೊಂದುವ ಆ ಚಪ್ಪಟೆ ಚೂರು ಸಿಗುವುದು ಪುಣ್ಯವಿದ್ದವರಿಗೆ. ಜಂಪರ್ ಹಾಕಿಯೇ ಇಟ್ಟಿದ್ದರೆ ಕೆಲವು ಅಡಾಪ್ಟರುಗಳು ಕೂರುವುದೇ ಇಲ್ಲ. ತಯಾರಕರು ಕೈಪಿಡಿ ಓದದವರಿಗೂ ಬುದ್ಧಿ ಹೇಳುವ ರೀತಿ ಇದು.

ತಳ್ಳುವಾಗ ಪಿನ್ನುಗಳು ಒಂದು ಹೆಜ್ಜೆ ಆಚೆಗೆ, ಅಂದರೆ ಜಂಪರ್ ಪಿನ್ನುಗಳ ಕಡೆಗೆ ಸರಿದಿಲ್ಲವೆಂದು ನೋಡಿ. ಅಗ್ಗದ ಅಡಾಪ್ಟರುಗಳಲ್ಲಿ 20ನೆಯ ರಂಧ್ರ ಮುಚ್ಚಿರುವುದಿಲ್ಲ, ಹೇಗೆ ಬೇಕಾದರೂ ಹೋಗುತ್ತದೆ. ತಪ್ಪು ಜಾಗಕ್ಕೆ 5 ವೋಲ್ಟ್ ಹೋದರೆ ಡ್ರೈವು ಸಣ್ಣ ವಾಸನೆ ಬಿಟ್ಟು ಸುಮ್ಮನಾಗುತ್ತದೆ. ಸ್ಕ್ರೂಗಳು ಹಳೆಯವೇ ಇರಲಿ. ಉದ್ದದ್ದು ಹಾಕಿದರೆ ಒಳಗಿನ ಬೋರ್ಡಿಗೆ ಚುಚ್ಚುತ್ತದೆ. ಕೊನೆಗೆ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿಯುತ್ತದೆ. ಅದರ ಬಗ್ಗೆ ಈ ಕೈಪಿಡಿ ಏನನ್ನೂ ಹೇಳುವುದಿಲ್ಲ.

ಆನ್ ಮಾಡಿದ ಮೇಲೆ

ಬಯೋಸಿನಲ್ಲಿ ಡ್ರೈವಿನ ಹೆಸರು ಕಂಡರೆ ಕೆಲಸ ಆಯಿತು. 80 ಜಿಬಿ ಕೊಟ್ಟು ವಿಂಡೋಸಿನಲ್ಲಿ 74.5 ಕಂಡರೆ ಅಂಗಡಿಯವನು ಮೋಸ ಮಾಡಿಲ್ಲ. ಡ್ರೈವು ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆಸೆಪಟ್ಟು 160 ಜಿಬಿ ತಂದು 137ಕ್ಕೇ ನಿಂತರೆ ಜಂಪರನ್ನು ಬೈಯಬೇಡಿ. ಹಳೇ ವ್ಯವಸ್ಥೆ ಸೆಕ್ಟರುಗಳ ವಿಳಾಸಕ್ಕೆ 28 ಬಿಟ್ ಮಾತ್ರ ಇಟ್ಟಿತ್ತು. 512 ಬೈಟಿನ ಸೆಕ್ಟರಿನಂತೆ ಅಷ್ಟಕ್ಕೇ ಲೆಕ್ಕ ಮುಗಿಯುತ್ತದೆ. ಅದರಾಚೆ ಹೋಗಲು ಬಯೋಸಿಗೂ ವಿಂಡೋಸಿಗೂ 48 ಬಿಟ್ಟಿನ ವಿಳಾಸ ತಿಳಿದಿರಬೇಕು, ಎಕ್ಸ್‌ಪಿ ಆದರೆ ಕನಿಷ್ಠ ಸರ್ವಿಸ್ ಪ್ಯಾಕ್ 1 ಬೇಕು.

ಡ್ರೈವು ಕಾಣಿಸದಿದ್ದರೆ ಜಂಪರ್ ಮತ್ತೊಮ್ಮೆ ನೋಡಿ. ಹಾಕಿದ್ದೀರಾ? ತೆಗೆಯಿರಿ. “ಇಲ್ಲ, ನಾನು ಹಾಕಿಯೇ ಇಲ್ಲ” ಎಂದರೆ ಸಿಡಿ ಡ್ರೈವನ್ನೊಮ್ಮೆ ಹೊರಗೆಳೆದು ಆನ್ ಮಾಡಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದೂ ಹಾರ್ಡ್‌ಡಿಸ್ಕೂ ಒಂದೇ ದಾರಿ ಹಂಚಿಕೊಂಡಿರುತ್ತವೆ. ಆ ತೆಳು ಸಿಡಿ ಡ್ರೈವಿಗೆ ಜಂಪರ್ ಪಿನ್ನೇ ಇರುವುದಿಲ್ಲ. ಅದು ಮಾಸ್ಟರೋ ಸ್ಲೇವೋ ಎಂಬುದು ಫರ್ಮ್‌ವೇರಿನಲ್ಲೋ ಕನೆಕ್ಟರಿನಲ್ಲೋ ಮೊದಲೇ ತೀರ್ಮಾನವಾಗಿರುತ್ತದೆ. ಬೇರೆ ಮಾದರಿಯ ಸಿಡಿ ಡ್ರೈವನ್ನು ತಂದು ಹಾಕಿದ್ದರೆ ಇಬ್ಬರೂ ಒಂದೇ ಕುರ್ಚಿಗೆ ಬಂದು ಇಬ್ಬರೂ ಮಾಯವಾಗಿರಬಹುದು.

ಎಂ.2 ಎಸ್‌ಎಸ್‌ಡಿ ಬಂದ ಮೇಲೆ ಈ ಕೈಪಿಡಿ ಬೇಕಿಲ್ಲ ಎನ್ನುವ ಯುವಕರಿದ್ದಾರೆ. ಜಂಪರ್ ಹೋಯಿತು, ನಿಜ. ಅದರ ಬದಲಿಗೆ ಬಂದಿರುವ ಒಂದೇ ಒಂದು ಪುಟ್ಟ ಸ್ಕ್ರೂ ಎಲ್ಲಿ ಬಿತ್ತೆಂದು ಅವರೂ ಸೋಫಾ ಸರಿಸುತ್ತಿದ್ದಾರೆ. ತುದಿಯ ಕಚ್ಚು ನೋಡದೆ ಸಾಟಾ ಸ್ಲಾಟಿಗೆ ಎನ್‌ವಿಎಂಇ ಎಸ್‌ಎಸ್‌ಡಿ ತಂದವರು ಬೇರೆ.

ಗ್ಯಾರಂಟಿ: ಇಲ್ಲ.

ಒಂದು ಕೋರಿಕೆ. ಹೊರತೆಗೆದ ಆ 40 ಜಿಬಿ ಡ್ರೈವನ್ನು ಗುಜರಿಗೆ ಹಾಕಬೇಡಿ. 44 ಪಿನ್ನಿನ ಐಡಿಇ ಯುಎಸ್‌ಬಿ ಅಡಾಪ್ಟರ್ ಈಗಲೂ ಸಿಗುತ್ತದೆ; ಜಂಪರ್ ಇಲ್ಲದೆ, ಮಾಸ್ಟರ್ ಆಗಿಯೇ ಸಿಕ್ಕಿಸಿ. ‘ಟಕ್ ಟಕ್’ ಎನ್ನುವ ಡ್ರೈವಿಗೆ ಹೆಚ್ಚು ಕಾಲವಿಲ್ಲ, ಪ್ರತಿಸಲ ಆನ್ ಮಾಡಿದಾಗಲೂ ಅದೇ ಕೊನೆಯ ಸಲ ಆಗಬಹುದು. ಆದ್ದರಿಂದ ಸಿನಿಮಾ, ಹಾಡು ಆಮೇಲೆ. ಮೊದಲು ಫೋಟೊ ಮತ್ತು ನೀವೇ ಬರೆದ ಫೈಲುಗಳನ್ನು ಕಾಪಿ ಮಾಡಿಕೊಳ್ಳಿ. ಅವು ನುಡಿಯಲ್ಲೋ ಶ್ರೀಲಿಪಿಯಲ್ಲೋ ಇದ್ದರೆ ಫಾಂಟಿನ ಫೈಲನ್ನೂ ಜೊತೆಗೆ ಕಾಪಿ ಮಾಡಿ, ಇಲ್ಲದಿದ್ದರೆ ಉಳಿಸಿಕೊಂಡದ್ದನ್ನು ಓದಲಾಗದು.